ಹಂಡೆಯ ಮಸಿ

ಕೆಳಮನೆ ಅತ್ತೆಯ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ತಲೆ ಅಲ್ಲಾಡಿಸಿದಾಗ ಆ ಎರಡು ತುಂಡುಗಳು ಬೇರೆ ಬೇರೆಯಾಗಿ ಅಲುಗುತ್ತಿದ್ದವು. ಬಲಗಿವಿಯಲ್ಲಿ ಮಾತ್ರ ಕೆಂಪು ಕಲ್ಲಿನ ಓಲೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕೇಳಿದ್ದಕ್ಕೆ, “ಓಲೆ ಭಾರ ಆಯ್ತು, ಹರಿಯಿತು” ಎಂದಿದ್ದರು. ನಾನು ನಂಬಿದ್ದೆ.

ಸಂಬಂಧದಲ್ಲಿ ಅವರು ನನಗೆ ಅತ್ತೆಯಲ್ಲ. ನಮ್ಮ ಅಂಗಳದಿಂದ ಮೆಟ್ಟಿಲಿಳಿದರೆ ಅವರ ಮನೆ, ಹಾಗಾಗಿ ಕೆಳಮನೆ ಅತ್ತೆ. ಅವರ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ನುಚ್ಚಕ್ಕಿಯ ಗಂಟು. ಸೊಸೆಯ ಜೊತೆ ನೇರ ಮಾತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಕೋಳಿಗಳಿಗೆ ಹೇಳುತ್ತಿದ್ದರು, ಅದೂ ಅಡುಗೆಮನೆಯ ಕಿಟಕಿಯ ಕೆಳಗೆ ನಿಂತು.

“ಎಂತ ಮಾರಾಯ್ತಿ, ಈಗ ಗೂಡಿನಿಂದ ಇಳಿಯುದಾ? ನಿನಗೆ ಬೆಳಗಾಗುದು ಯಾವಾಗ?”

ಒಳಗೆ ಪಾತ್ರೆಯೊಂದು ದಡಕ್ಕೆಂದು ನೆಲಕ್ಕೆ ಕೂರುತ್ತಿತ್ತು. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ನನಗೂ ನಗು ಬರುತ್ತಿತ್ತು. ಒಳಗಿನವಳಿಗೆ ಹೇಗಿತ್ತೋ.

ಕಳೆದ ವರ್ಷ ಕೋಳಿಗಳಿಗೆ ಸೀಕು ಬಂತು. ನಮ್ಮ ಅಂಗಳದಲ್ಲಿ ಉಳಿದದ್ದು ಬೂದು ಬಣ್ಣದ ಒಂದೇ ಹೇಂಟೆ, ಬೂದಿ ಎಂದೇ ಅದನ್ನು ಕರೆಯುತ್ತಿದ್ದೆವು. ಇಡೀ ಅಂಗಳಕ್ಕೆ ಅದೊಂದೇ. ಹಾಕಿದ ಅಕ್ಕಿಗೆ ಗುಬ್ಬಿ ಇಳಿದರೂ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದೇ ಹೊತ್ತಿಗೆ ಅತ್ತೆಯ ಹೊಟ್ಟೆನೋವು ಬರೀ ಹೊಟ್ಟೆನೋವಲ್ಲ ಎಂದು ಪುತ್ತೂರಿನ ಡಾಕ್ಟರು ಹೇಳಿದ್ದರು.

ಒಂದು ಸಂಜೆ ಅವರು ಮೂರು ಎಳೆಯ ಹೇಂಟೆಗಳನ್ನು ಚೀಲದಲ್ಲಿ ಹಾಕಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಹತ್ತಿ ಬಂದರು.

“ಇವು ಇನ್ನು ನಿನ್ನವು. ನನ್ನ ಬೊಜ್ಜದ ಹೊತ್ತಿಗೆ ಇವು ಅಲ್ಲಿರಬಾರದು.”

ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಲೆ ಹಾಕಿ ಬಡಿಸುತ್ತಾರೆ. ಕೋಳಿಯಿಲ್ಲದೆ ಆ ಎಲೆ ತುಂಬುವುದಿಲ್ಲ.

“ನನ್ನ ಕೈಯಿಂದ ಅಕ್ಕಿ ತಿಂದದ್ದು ಇವು. ಇವನ್ನೇ ಸಾರು ಮಾಡಿ ಬಡಿಸಿದ್ರೆ ನಾನು ಉಣ್ಣುದು ಹೇಗೆ, ಹೇಳು?” ಎಂದು ನಕ್ಕರು. ನನಗೆ ನಗಲಾಗಲಿಲ್ಲ. “ಬೂದಿಯ ಜೊತೆ ಈಗಲೇ ಬಿಡ್ಬೇಡ. ನಾಳೆ ಪುತ್ತೂರಿಗೆ ಹೋಗ್ಲಿಕ್ಕುಂಟು. ಹೇಗೆ ಬಿಡುದು ಅಂತ ಬಂದು ತೋರಿಸ್ತೇನೆ.”

ಆ ರಾತ್ರಿ ಅವನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿದೆ. ಮರುದಿನ ನಾನು ಸಾಮಾನು ತರಲು ಬೆಳ್ಳಾರೆಗೆ ಹೋದಾಗ, ನಮ್ಮವರು ಅವನ್ನು ಹೊರಗೆ ತಂದು, ಒಂದೊಂದರ ಕಾಲಿಗೂ ಹುರಿಹಗ್ಗ ಹಾಕಿ ಅಂಗಳದಲ್ಲಿ ಕಟ್ಟಿದರು. ಹೊಸ ಕೋಳಿಗೆ ಇಲ್ಲಿ ಎಲ್ಲರೂ ಮಾಡುವುದೇ ಹಾಗೆ. ಕಟ್ಟದಿದ್ದರೆ ಹಳೇ ಮನೆಗೆ ವಾಪಸು ಹೋಗುತ್ತದೆ. ಇವುಗಳ ಹಳೇ ಮನೆಯಂತೂ ಮೆಟ್ಟಿಲ ಕೆಳಗೇ ಇತ್ತು. ಕಟ್ಟಿ, ಮೇವು ಹಾಕಿ, ಅವರು ರಬ್ಬರ್ ಹಾಲು ತೆಗೆಯಲು ಹೋದರು.

ನಾನು ಬಂದಾಗ ಕಪ್ಪು ಹೇಂಟೆ ಹಗ್ಗದ ತುದಿಗೆ ಎಳೆದುಕೊಂಡು ಸತ್ತು ಬಿದ್ದಿತ್ತು. ತಲೆಯ ಬುರುಡೆ ಕಾಣುತ್ತಿತ್ತು. ಬೂದಿ ಇನ್ನೂ ಕುಕ್ಕುತ್ತಲೇ ಇತ್ತು. ಕೆಂಪು ಹೇಂಟೆಯ ನೆತ್ತಿಯಿಂದ ರಕ್ತ ಇಳಿಯುತ್ತಿತ್ತು. ಮೂರನೆಯದು ಹಗ್ಗವನ್ನು ಕಂಬಕ್ಕೆ ಸುತ್ತಿಕೊಂಡು ನಡುಗುತ್ತಿತ್ತು.

ಅತ್ತೆ ಬಸ್ಸಿಳಿದವರು ಆಸ್ಪತ್ರೆಯ ಚೀಲದ ಜೊತೆಗೇ ಮೇಲೆ ಬಂದರು.

“ಕಟ್ಟಿದ್ದು ಯಾರು?”

“ನಾನೇ ಅತ್ತೆ,” ಎಂದರು ನಮ್ಮವರು. “ಹೊಸತಲ್ವಾ, ನಿಮ್ಮಲ್ಲಿಗೇ ಓಡಿ ಬರ್ತಿತ್ತು.”

“ಓಡಿ ಬರ್ಲಿ. ಜೀವ ಇರ್ತಿತ್ತಲ್ಲ ಮಾರಾಯಾ.”

ಅವರೇ ಕತ್ತಿ ತಂದು ಹಗ್ಗ ಕೊಯ್ದರು. ಬಚ್ಚಲಿನ ಹಂಡೆಯ ತಳದಿಂದ ಮಸಿ ಕೆರೆದು, ತೆಂಗಿನೆಣ್ಣೆಯಲ್ಲಿ ಕಲಸಿ, ಹೇಂಟೆಯ ನೆತ್ತಿಗೆ ಬಳಿದರು.

“ಕೆಂಪು ಕಂಡ್ರೆ ಕುಕ್ಕುದು ನಿಲ್ಲುದಿಲ್ಲ. ಅಲ್ಲಿವರೆಗೆ ಸುಮ್ಮನಿದ್ದವಳೂ ಬಂದು ಕುಕ್ತಾಳೆ.” ಮಸಿಯ ಬೆರಳನ್ನು ಸೆರಗಿಗೆ ಒರಸಿಕೊಂಡು ಎಡಗಿವಿ ಮುಟ್ಟಿಕೊಂಡರು. “ಇದಕ್ಕೂ ಮಸಿಯೇ ಹಚ್ಚಿದ್ದು ನಾನು. ನನ್ನ ಅತ್ತೆ ಓಲೆ ಹಿಡಿದು ಎಳೆದದ್ದು. ನೀರಿಗೆ ಹೋಗುವಾಗ ನಾದಿನಿಯರಿಗೆ ರಕ್ತ ಕಾಣ್ಬಾರದು ಅಂತ ಮಸಿ.”

“ಅಪ್ಪನ ಮನೆಗೆ ಹೋಗ್ಬಹುದಿತ್ತಲ್ಲ ಅತ್ತೆ?”

“ಹೋಗಿದ್ದೆ. ಅಪ್ಪನೇ ವಾಪಸು ತಂದು ಬಿಟ್ರು.” ಹೇಂಟೆಯನ್ನು ನೆಲಕ್ಕೆ ಬಿಟ್ಟು, “ನನ್ನ ಸೊಸೆಯನ್ನು ಕೇಳು. ಅವಳ ಹತ್ರ ನಾನು ಕುಕ್ಕಿದ ಕತೆಯೂ ಉಂಟು,” ಎಂದರು.

ನಮ್ಮವರು ಬೂದಿಯನ್ನು ಕೊಯ್ದುಬಿಡುವ ಎಂದರು. ಅತ್ತೆ ಬಿಡಲಿಲ್ಲ. “ಒಬ್ಬಳೇ ಉಳಿದವಳು ಅದು. ಈ ಅಂಗಳ ಬಿಟ್ರೆ ಎಂತ ಉಂಟು ಅದಕ್ಕೆ?” ಎಂದು ಅದನ್ನು ಕಂಕುಳಲ್ಲಿ ಹಿಡಿದು ತಮ್ಮ ಮನೆಗೆ ಕೊಂಡುಹೋದರು. ಕೆಳಗೆ ಅಡುಗೆಮನೆಯ ಕಿಟಕಿಯಡಿ ಅದನ್ನು ಬಿಡುತ್ತಾ ಹೇಳಿದ್ದು ನಮಗೂ ಕೇಳಿತು: “ಇವಳೂ ಸ್ವಲ್ಪ ದಿನ ಹೊಸಬಳಾಗ್ಲಿ.”

ಬೂದಿ ಕೆಳಮನೆಯಲ್ಲಿ ಮೂಲೆ ಹಿಡಿದು ಕೂತಿದ್ದಾಗ ಎಳೆಯವು ನಮ್ಮ ಅಂಗಳವನ್ನು ತಮ್ಮದು ಮಾಡಿಕೊಂಡವು. ಅದು ಮರಳಿ ಬಂದ ಮೇಲೆ ಎಳೆಯವನ್ನು ದೊಡ್ಡ ಬಿದಿರಿನ ಬುಟ್ಟಿಯಡಿ ಮುಚ್ಚಿ, ಬುಟ್ಟಿಯ ಒಳಗೂ ಹೊರಗೂ ಅಕ್ಕಿ ಹಾಕಿದೆವು. ಒಟ್ಟಿಗೆ ತಿನ್ನಲಿ, ಆದರೆ ಕೊಕ್ಕು ಎಟುಕಬಾರದು. ಆಮೇಲೆ ಬುಟ್ಟಿ ತೆಗೆದು, ಮೇವಿನ ಬಟ್ಟಲುಗಳನ್ನು ದೂರ ದೂರ ಇಟ್ಟೆವು. ಮುರಿದ ಬಾಗಿಲಿನ ಹಲಗೆಯನ್ನು ಅತ್ತೆ ಗೋಡೆಗೆ ಓರೆಯಾಗಿ ಒರಗಿಸಿಟ್ಟರು. ಈ ಕಡೆ ನುಗ್ಗಿದ ಕೋಳಿ ಆ ಕಡೆ ಹೊರಬೀಳಬಹುದು. “ಅಡಗುವಲ್ಲಿ ಎರಡು ಕಡೆ ದಾರಿ ಇರ್ಬೇಕು. ಮೂಲೆ ಇರ್ಬಾರದು.” ದಿನವೂ ಬಂದು ಜಗಲಿಯಲ್ಲಿ ಹೊಟ್ಟೆಗೆ ತಲೆದಿಂಬು ಒತ್ತಿಕೊಂಡು ಕೂತು ನೋಡುತ್ತಿದ್ದರು. ಒಂದು ಸಂಜೆ ಎಳೆಯವೆರಡೂ ಗೂಡಿನ ಅಡ್ಡಕೋಲಿನ ಮೇಲೆ ಬೂದಿಯ ಆಚೆಗೊಂದು ಈಚೆಗೊಂದು ಕೂತವು. ಬೂದಿ ಸುಮ್ಮನಿತ್ತು. “ಆಯ್ತು,” ಎಂದು ಅತ್ತೆ ಎದ್ದು ಇಳಿದು ಹೋದರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡರು.

ಬೊಜ್ಜದ ದಿನ ಅವರ ಮಗ ನಮ್ಮಲ್ಲಿಗೆ ಬಂದ. ಅತ್ತು ಅತ್ತು ಮುಖ ಊದಿಕೊಂಡಿತ್ತು.

“ಅಮ್ಮನಿಗೆ ಬ್ರಾಯ್ಲರ್ ಬಡಿಸ್ಲಿಕ್ಕೆ ಮನಸ್ಸು ಬರುದಿಲ್ಲ ಅಕ್ಕ. ಅವರ ಕೋಳಿ ಇಲ್ಲಿ ಉಂಟಲ್ಲ.”

ಅವನಿಗೆ ಹೇಗೆ ಹೇಳುವುದು? ನಿನ್ನ ಅಮ್ಮ ಚೀಲದಲ್ಲಿ ಹಾಕಿ ತಂದದ್ದೇ ನಿಮ್ಮ ಕೈಗೆ ಸಿಗಬಾರದೆಂದು, ಎನ್ನುವುದೇ? ಬರಿಗೈಯಲ್ಲಿ ಕಳಿಸುವುದೂ ಆಗಲಿಲ್ಲ. ಗೂಡಿಗೆ ಕೈಹಾಕಿ, ಎರಡರ ನಡುವೆ ಕೂತಿದ್ದ ಬೂದಿಯನ್ನು ತೆಗೆದುಕೊಟ್ಟೆ. ಅದು ಕೂಗಲೂ ಇಲ್ಲ. ಆ ರಾತ್ರಿ ಎಲೆಗೆ ಬಡಿಸಿ ಕೋಣೆಯ ಬಾಗಿಲು ಹಾಕಿ ನಾವೆಲ್ಲ ಹೊರಗೆ ನಿಂತೆವು. ಅತ್ತೆ ಉಂಡರೋ ಇಲ್ಲವೋ. ಬೂದಿಯನ್ನು ಅಂದು ಉಳಿಸಿದವರೂ ಅವರೇ.

ಈಗ ಮೊನ್ನೆ ಎರಡು ಹೊಸ ಹೇಂಟೆ ತಂದೆವು. ಎಲ್ಲಕ್ಕಿಂತ ಜೋರಾಗಿ ಕುಕ್ಕುವುದು ಕೆಂಪು ಹೇಂಟೆ, ಬೂದಿ ಕುಕ್ಕಿದ ಜಾಗದಲ್ಲಿ ಇನ್ನೂ ಪುಕ್ಕ ಹುಟ್ಟದವಳು. ಗಾಯವಾದ ಹೊಸದರ ಕುತ್ತಿಗೆಗೆ ಮಸಿ ಬಳಿದು, ಹಲಗೆ ಒರಗಿಸಿ, ಕೆಂಪು ಹೇಂಟೆಯನ್ನು ಕಂಕುಳಲ್ಲಿ ಹಿಡಿದು ಕೆಳಮನೆಗೆ ಇಳಿದೆ. ಅತ್ತೆಯ ಸೊಸೆ ಅಡುಗೆಮನೆಯಿಂದ ಬಂದವಳು ಏನೂ ಕೇಳದೆ ಕೈ ಚಾಚಿದಳು.

“ಇವಳೂ ಸ್ವಲ್ಪ ದಿನ ಹೊಸಬಳಾಗ್ಲಿ ಅಂತ ಅಲ್ವಾ ಅಕ್ಕ?”

ನಾನು ಅವಳ ಮುಖ ನೋಡಿದೆ.

“ಅತ್ತೆ ಕೋಳಿಗಳಿಗೆ ಹೇಳ್ತಿದ್ದದ್ದು ಎಲ್ಲ ನನಗೆ ಒಳಗೆ ಕೇಳ್ತಿತ್ತು,” ಎಂದಳು.