ಹಗುರಿದ್ದ ದಿನದ ಉಂಗುರ

ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಬಾಯಿಬಿಟ್ಟು ಕೇಳಿದ ಒಡವೆ ಒಂದೇ. ಅದನ್ನು ಕೇಳುವ ಹೊತ್ತಿಗೆ ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಇಳಕಲ್ಲಿನಿಂದ ಬಸ್ಸು ಹತ್ತಿ ಬಾಗಲಕೋಟೆಯ ದವಾಖಾನೆಗೆ ಹೋಗುತ್ತಿದ್ದೆವು. ನಾಲ್ಕು ತಾಸು ಯಂತ್ರ ಅವಳ ರಕ್ತ ತೊಳೆಯುತ್ತಿತ್ತು. ನಾನು ಹೊರಗೆ ಬೆಂಚಿನ ಮೇಲೆ ಓದಿದ ಪೇಪರನ್ನೇ ಓದುತ್ತ ಕೂಡುತ್ತಿದ್ದೆ.

ಅಲ್ಲಿನ ಡಾಕ್ಟರಮ್ಮನ ಬೆರಳಲ್ಲಿ ಒಂದು ವಜ್ರದ ಉಂಗುರವಿತ್ತು. ಉದ್ದನೆಯ ಹರಳು, ಮೂಲೆಗಳನ್ನಷ್ಟೇ ಸವರಿದ್ದು, ಒಳಗೆ ಹೊಂಡದ ಮೆಟ್ಟಿಲಿನ ಹಾಗೆ ನೇರ ಗೆರೆಗಳು. ಇವಳು ಅದರ ಹೆಸರನ್ನೂ ಕೇಳಿಕೊಂಡಿದ್ದಳು: ಎಮರಾಲ್ಡ್ ಕಟ್. ಒಂದು ದಿನ ವಾಪಸು ಬರುವಾಗ, ಅಮೀನಗಡದಲ್ಲಿ ಬಸ್ಸು ನಿಂತಾಗ, ಹೊರಗೆ ನೋಡುತ್ತಲೇ ಅಂದಳು, "ನನಗ ಅಂಥಾದೊಂದು ಬೇಕ್ರಿ."

ನನಗೆ ಸಿಟ್ಟು ಬಂತು. ಇಂಥ ಹೊತ್ತಲ್ಲಿ ವಜ್ರ ಬೇಕೇ ಎಂದೆ. ಅವಳು ಜಗಳಕ್ಕೆ ಬರಲಿಲ್ಲ. ಸೂಜಿ ಚುಚ್ಚುವ ಎಡಗೈಗೆ ಬಳೆ ಹಾಕುವ ಹಾಗಿರಲಿಲ್ಲ, ಬಲಗೈ ಬಾತು ತವರಿನ ಚಿನ್ನದ ಬಳೆ, ಪಾಟ್ಲಿ, ಏರುತ್ತಿರಲಿಲ್ಲ. ಎರಡರಲ್ಲಿ ಒಂದು ಪಾಟ್ಲಿ ಮಗಳಿಗಿರಲಿ, ಇನ್ನೊಂದನ್ನು ಕೊಟ್ಟು ಬಂದಷ್ಟರಲ್ಲೇ ಉಂಗುರ ಆಗಲಿ ಎಂದಳು.

ಬಾಗಲಕೋಟೆಯ ಅಂಗಡಿಯ ಯಜಮಾನರು ತಾಳ್ಮೆಯವರು. ಗುಂಡು ವಜ್ರ ಮಿನುಗಿ ಮಿನುಗಿ ತನ್ನ ಕೊರತೆ ಮುಚ್ಚಿಕೊಳ್ಳುತ್ತದೆ, ಈ ಕಟ್ಟು ಹಾಗಲ್ಲ, ತೆರೆದ ಕಿಟಕಿ ಇದ್ದಂತೆ, ಒಳಗಿನ ಸಣ್ಣ ಚುಕ್ಕೆಯೂ ಕಾಣುತ್ತದೆ ಎಂದು ವಿವರಿಸಿದರು. ನಮ್ಮ ಹಣದ ಅಳತೆಗೆ ಮೂರು ಹರಳು ಮುಂದಿಟ್ಟರು. ಒಂದು ದೊಡ್ಡದು, ನಡುವೆ ಕಪ್ಪು ಚುಕ್ಕೆ. ಇನ್ನೊಂದು ಶುದ್ಧ, ಆದರೆ ಎಳ್ಳಿನಷ್ಟು ಸಣ್ಣದು. ಮೂರನೆಯದು ದೊಡ್ಡದೂ ಹೌದು, ಶುದ್ಧವೂ ಹೌದು, ಲ್ಯಾಬಿನ ಯಂತ್ರದಲ್ಲಿ ಬೆಳೆಸಿದ್ದು. ಅದೂ ವಜ್ರವೇ, ಗಾಜಲ್ಲ, ಆದರೆ ನಾಳೆ ಮಾರಲು ತಂದರೆ ಏನೂ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು.

ನಾನು ಚುಕ್ಕೆಯದನ್ನೇ ತೆಗೆದುಕೊಳ್ಳೋಣ, ಭೂಮಿಯಿಂದ ಬಂದದ್ದು, ಯಾರು ಭೂತಗನ್ನಡಿ ಹಿಡಿದು ನೋಡುತ್ತಾರೆ ಎಂದೆ.

"ನಾ ನೋಡ್ತೇನಲ್ಲ," ಅಂದಳು. ಆಮೇಲೆ ಮೂರನೆಯದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಯಂತ್ರದಾಗ ಹುಟ್ಟಿದ್ರ ಏನಾತ್ರಿ? ನಾನೂ ಯಂತ್ರದ ಮ್ಯಾಲೇ ಅದೀನಿ."

ಯಜಮಾನರು ಅದನ್ನೇ ಪಕ್ಕಕ್ಕೆ ತೆಗೆದಿಟ್ಟರು. ಬೆರಳಿನ ಅಳತೆ ತೆಗೆಯಲು ಕೈ ಕೇಳಿದರು. ಡಯಾಲಿಸಿಸ್‌ಗೆ ಮೊದಲು ಬೆರಳು ಬಾತಿರುತ್ತದೆ, ಆದ ಮೇಲೆ ಇಳಿಯುತ್ತದೆ ಎಂದು ನಾನು ಹೇಳಿದೆ. ಹಾಗಾದರೆ ಯಾವ ದಿನದ ಅಳತೆಗೆ ಮಾಡಲಿ ಎಂದು ಅವರು ಕೇಳಿದರು. "ಹಗುರಿದ್ದ ದಿನದ್ದು ಮಾಡ್ರಿ," ಅಂದಳು.

ಹೀಗಾಗಿ ಡಯಾಲಿಸಿಸ್ ಆದ ಸಂಜೆ ಮತ್ತು ಮರುದಿನ ಬೆಳಿಗ್ಗೆ ಮಾತ್ರ ಅದು ಅವಳ ಬೆರಳಲ್ಲಿರುತ್ತಿತ್ತು. ಗುಡೂರಿನಿಂದ ಬಂದ ನನ್ನಕ್ಕ ಅದನ್ನು ನೋಡಿ ಅಸಲಿಯೇ ಎಂದು ಕೇಳಿದಾಗ, ಗಣಿಯದು ಎಂದು ನಾನು ಸುಳ್ಳು ಹೇಳಿದೆ. ಅಕ್ಕ ಹೋದ ಮೇಲೆ ಹೆಂಡತಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗಿಲ್ಲದ ನಾಚಿಕೆ ನಿಮಗ್ಯಾಕೆ ಎಂದಷ್ಟೇ ಕೇಳಿದಳು.

ಬೇಸಿಗೆ ಬಂದ ಮೇಲೆ ಹಗುರದ ದಿನಗಳು ಕಡಿಮೆಯಾದವು. ಒಂದು ಮಧ್ಯಾಹ್ನ ನೀರು ಕೇಳಿದಳು. ಹೆಚ್ಚಾದರೆ ಉಸಿರಿಗೆ ತೊಂದರೆ ಎಂದು ಡಾಕ್ಟರಮ್ಮ ಗೊತ್ತುಮಾಡಿದ್ದ ದಿನದ ಪಾಲಿನ ನೀರು ಆಗಲೇ ಮುಗಿದಿತ್ತು. ಒಣಗಿದ ತುಟಿ ನೋಡಲಾಗದೆ ಒಂದು ತಂಬಿಗೆ ತುಂಬ ಕೊಟ್ಟೆ. ಅಷ್ಟನ್ನೂ ಕುಡಿದಳು, ಸುಖವಾಯಿತು ಎಂದಳು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗುವ ಮೊದಲೇ ಉಸಿರು ಕಟ್ಟಿ ತೀರಿಕೊಂಡಳು.

ಉಂಗುರವನ್ನು ಮಗಳು ತೆಗೆದುಕೊಂಡಳು. ಉಳಿದ ಔಷಧಿಗಳನ್ನು ಯಾರಿಗಾದರೂ ಆಗಲಿ ಎಂದು ನಾನು ದವಾಖಾನೆಗೆ ಒಯ್ದೆ. ಅವಳ ಮಂಚದ ಮೇಲೆ ಬಾದಾಮಿ ಕಡೆಯ ಒಬ್ಬ ಹೆಂಗಸು ಮಲಗಿದ್ದಳು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಗಾಯಿತು ಎಂದು ಕೇಳಿದರು. ನೀರಿನ ಮಾತನ್ನು ಅವರಿಗೊಬ್ಬರಿಗೇ ಹೇಳಿದೆ.

"ಅದರಿಂದ ಅಲ್ರಿ," ಅಂದರು. ಅಕ್ಕನಿಗೆ ಗಣಿಯದು ಎಂದು ಹೇಳುವಾಗ ನಾನೂ ಹೀಗೆಯೇ ಕಣ್ಣು ತಪ್ಪಿಸಿದ್ದೆ.