ಆಯುಧಪೂಜೆಯ ದಿನ ಆರಿಸಿದ ಗುಂಡು

ನೈರೋಬಿಗೆ ಬಂದ ಮೊದಲ ವರ್ಷ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವಳು ನಾನು. ಗಂಡನಿಗೆ ಇಲ್ಲಿನ ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದ ಕೆಲಸ ಸಿಕ್ಕಿತೆಂದು ಮಗನನ್ನು ಕಟ್ಟಿಕೊಂಡು ಜೊತೆಗೆ ಬಂದೆ. ಗಂಡನ ಅವಲಂಬಿತಳೆಂದು ಸಿಕ್ಕ ನನ್ನ ವಾಸದ ಪಾಸಿನಲ್ಲಿ ಉದ್ಯೋಗಕ್ಕೆ ಅವಕಾಶವಿರಲಿಲ್ಲ. ಲ್ಯಾವಿಂಗ್ಟನ್ ಬಡಾವಣೆಯ ಎತ್ತರದ ಗೇಟಿನೊಳಗೆ ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂರುವುದು. ಹೆಂಗಸರ ಕಿಟ್ಟಿ ಪಾರ್ಟಿಗೆ ಹೋದೆ. ಅಲ್ಲಿ ಯಾರದೋ ಮಾತಿಗೆ ಚುರುಕಾಗಿ ಉತ್ತರ ಕೊಟ್ಟೆ. ಮತ್ತೆ ಅವರು ಕರೆಯಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದೇನೂ ಗುಟ್ಟಲ್ಲ.

ಅಂಥ ದಿನಗಳಲ್ಲಿ ಗಂಡನ ಆಫೀಸಿನವರೊಬ್ಬರು ಕರೆನ್ ಬಡಾವಣೆಯ ಆಚೆಗಿರುವ ರೈಫಲ್ ಕ್ಲಬ್ಬಿಗೆ ನಮ್ಮನ್ನು ಕರೆದುಕೊಂಡು ಹೋದರು. ಚಾಪೆಯ ಮೇಲೆ ಬೋರಲು ಮಲಗಿ, ಐವತ್ತು ಮೀಟರ್ ದೂರದ ಕಾಗದಕ್ಕೆ ಗುರಿ ಇಟ್ಟು, ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬಂದೂಕಿನ ಕುದುರೆ ಒತ್ತಿದೆ. ಎಷ್ಟೋ ತಿಂಗಳಿಂದ ಗಿಜಿಗುಡುತ್ತಿದ್ದ ತಲೆ ಆ ಒಂದು ಗಳಿಗೆ ಸುಮ್ಮನಾಯಿತು. ಅವತ್ತೇ ಸದಸ್ಯೆಯಾದೆ. ರೈಫಲ್ ಕ್ಲಬ್ಬಿನದು, ಗುಂಡುಗಳೂ ಅಲ್ಲೇ ಬೀಗದೊಳಗೆ. ಮನೆಗೆ ಏನನ್ನೂ ತರುವ ಹಾಗಿಲ್ಲ.

ಗುಂಡು ಆರಿಸುವುದರಲ್ಲೇ ಮೊದಲು ಎಡವಿದೆ. ಮಿಕ್ಸಿ ಕೊಳ್ಳುವಾಗ ಯಾವುದಕ್ಕೆ ಹೆಚ್ಚು ವಾಟ್ ಎಂದು ನೋಡುವ ಜಾತಿ ನನ್ನದು. ಕ್ಲಬ್ಬಿನ ಅಂಗಡಿಯಲ್ಲಿ ಯಾವ ಡಬ್ಬಿಯ ಮೇಲೆ ಅತಿ ಹೆಚ್ಚಿನ ವೇಗ ಬರೆದಿತ್ತೋ ಅದನ್ನೇ ತೆಗೆದುಕೊಂಡೆ. ಹೊಡೆದು ನೋಡಿದರೆ ಒಂದು ಮೇಲೆ, ಒಂದು ಕೆಳಗೆ, ಒಂದು ಕಾಗದದ ಅಂಚಿಗೆ. ಪಕ್ಕದ ಚಾಪೆಯ ಹಿರಿಯರೊಬ್ಬರು ನನ್ನ ಡಬ್ಬಿ ಎತ್ತಿ ನೋಡಿ ನಗಲು ಶುರು ಮಾಡಿದರು. ಇಲ್ಲೇ ಹುಟ್ಟಿ ಬೆಳೆದ ಬಿಳಿಯರು ಅವರು. ವರ್ಷಕ್ಕೊಮ್ಮೆ ಇಂಗ್ಲೆಂಡಿನಲ್ಲಿರುವ ತಂಗಿಯ ಕುರಿ ಫಾರ್ಮಿಗೆ ಹೋಗಿ, ಮರಿಗಳನ್ನು ಕದಿಯುವ ನರಿಗಳನ್ನು ಹೊಡೆದು ಬರುತ್ತಾರೆ.

"ಇದು ಪ್ರಾಣಿಗೆ ಮಾಡಿದ ಗುಂಡು, ಕಾಗದಕ್ಕಲ್ಲ" ಎಂದರು ಇಂಗ್ಲಿಷಿನಲ್ಲಿ. ಗುಂಡಿನ ತುದಿಯಲ್ಲಿದ್ದ ಸಣ್ಣ ಕುಳಿ ತೋರಿಸಿದರು. ತಗುಲಿದ ಕೂಡಲೇ ಅದು ಅರಳಿಕೊಳ್ಳಬೇಕು, ಪ್ರಾಣಿ ನರಳದೆ ಒಂದೇ ಏಟಿಗೆ ಹೋಗಬೇಕು, ಅದಕ್ಕೇ ಆ ಕುಳಿ, ಆ ವೇಗ. ಮೊಲಕ್ಕಾದರೆ ಇದು ಸರಿ. ದೂರದ ನರಿಗೆ ಇಷ್ಟೂ ಸಾಲದು, ದೊಡ್ಡ ರೈಫಲ್ಲೇ ಬೇಕು. ಕಾಗದಕ್ಕೆ ನರಳಾಟವಿಲ್ಲವಲ್ಲ. ಅದಕ್ಕೆ ಬೇಕಾದದ್ದು ಉರುಟು ತುದಿಯ, ಶಬ್ದಕ್ಕಿಂತ ನಿಧಾನವಾಗಿ ಹೋಗುವ ಗುಂಡು. ಶಬ್ದದ ವೇಗ ಮೀರಿ ಹೊರಟದ್ದು ದಾರಿಯಲ್ಲಿ ಆ ವೇಗಕ್ಕೆ ಇಳಿಯುವಾಗ ತೂರಾಡುತ್ತದೆ. ಇದನ್ನು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು! ಮುಖ ಕೆಂಪಾಯಿತು.

ಮನೆಗೆ ಬಂದು ಹೇಳಿದಾಗ ಗಂಡನಿಗೆ ಎಲ್ಲಿಲ್ಲದ ಹುರುಪು ಬಂತು. ಅವರಿಗೆ ಜಗತ್ತೇ ಬ್ಯಾಚ್ ನಂಬರು.

"ಕಂಪನಿ ಹೆಸ್ರು ನೋಡ್ಬೇಡ ಕಣೇ, ಬ್ಯಾಚ್ ನೋಡು. ಒಂದೇ ಮಾತ್ರೆ, ಎರಡು ಬ್ಯಾಚು, ಒಂದೇ ಥರ ಇರಲ್ಲ" ಎಂದರು.

ನಿಜವೇ ಆಗಿತ್ತು. ಒಂದೇ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಒಂದು ತಿಂಗಳು ಇಡ್ಲಿ ಹೂವಿನ ಹಾಗೆ ಬಂದು, ಮುಂದಿನ ತಿಂಗಳು ಕಲ್ಲಾಗುವುದಿಲ್ಲವೇ, ಹಾಗೆ. ಒಂದೊಂದು ಬ್ಯಾಚಿನಿಂದ ಐದೈದು ಗುಂಡು ಹೊಡೆದು, ತೂತುಗಳು ಎಷ್ಟು ಒತ್ತೊತ್ತಾಗಿ ಬಿದ್ದಿವೆ ಎಂದು ಅಳೆದೆವು. ಪ್ರತಿ ರೈಫಲ್ಲಿಗೂ ಅದರದೇ ನಾಲಿಗೆ ರುಚಿ. ಹಿರಿಯರ ರೈಫಲ್ಲಿಗೆ ಒಗ್ಗಿದ ಗುಂಡನ್ನು ನನ್ನದು ಉಗುಳಿಬಿಡುತ್ತಿತ್ತು. ಕೊನೆಗೆ ಒಂದು ಬ್ಯಾಚ್ ಸಿಕ್ಕಿತು. ಐದು ಗುಂಡು ಹೊಡೆದರೂ ಕಾಗದದಲ್ಲಿ ಒಂದೇ ತೂತು ಸ್ವಲ್ಪ ಅಗಲವಾದಂತೆ ಕಾಣುತ್ತಿತ್ತು. ಇದ್ದದ್ದು ಕೆಲವೇ ಡಬ್ಬಿ. ಅಭ್ಯಾಸಕ್ಕೆ ಒಂದೊಂದಾಗಿ ಖರ್ಚಾದ ಮೇಲೆ, ತಂಡದ ಆಯ್ಕೆಯ ಸ್ಪರ್ಧೆಗೆಂದು ಕೊನೆಯ ಡಬ್ಬಿಯನ್ನು ಕ್ಲಬ್ಬಿನಲ್ಲೇ ಎತ್ತಿಟ್ಟುಕೊಂಡೆ.

ಆ ಸ್ಪರ್ಧೆಯ ಮೇಲೆ ನನ್ನ ಜೀವ ನೇತಾಡುತ್ತಿತ್ತು. ದೂರದ ಸಮುದ್ರತೀರದ ಮೊಂಬಾಸಾದಲ್ಲಿ ನಡೆಯುವ ಪಂದ್ಯಕ್ಕೆ ಕ್ಲಬ್ಬಿನಿಂದ ನಾಲ್ವರನ್ನು ಕಳಿಸುತ್ತಾರೆ. ಹಿಂದಿನ ವರ್ಷ ನಾನು ಐದನೆಯವಳಾಗಿ ಉಳಿದಿದ್ದೆ. ಈ ಊರಿನಲ್ಲಿ ನಾನು ಇಂಥವರ ಹೆಂಡತಿ, ಇಂಥವನ ಅಮ್ಮ. ಆ ತಂಡದಲ್ಲಿ ಮಾತ್ರ ನಾನು ನಾನೇ. ಆ ನಾಲ್ಕನೆಯ ಜಾಗ ನನಗೆ ಬೇಕಿತ್ತು, ಬೇಕೆಂದರೆ ಬೇಕೇ ಬೇಕಿತ್ತು.

ಅದೇ ಸಮಯಕ್ಕೆ ಅತ್ತೆ ಮೈಸೂರಿನಿಂದ ಬಂದರು. ಸೊಸೆ ಬಂದೂಕು ಹಿಡಿಯುವುದು ಅವರಿಗೆ ಹಿಡಿಸಲಿಲ್ಲ. ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಆದರೆ ನಾನು ಕ್ಲಬ್ಬಿಗೆ ಹೊರಟಾಗಲೆಲ್ಲ ಅವರ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. "ಏನಾದ್ರೂ ಸಾಯ್ಸ್ತೀರಾ ಅಲ್ಲಿ?" ಎಂದು ಒಂದು ದಿನ ಕೇಳಿದರು. ಈ ದೇಶದಲ್ಲಿ ಬೇಟೆಯೇ ನಿಷಿದ್ಧ, ನಾವು ಹೊಡೆಯುವುದು ಬರೀ ಕಾಗದ ಎಂದೆ. ಅರ್ಧ ನಂಬಿದರು.

ಆ ವರ್ಷ ಆಯುಧಪೂಜೆ ಭಾನುವಾರ ಬಂತು. ಸ್ಪರ್ಧೆಯೂ ಅವತ್ತೇ. ಬೀದಿಯ ಜಕರಂಡಾ ಮರಗಳೆಲ್ಲ ನೇರಳೆ ಹೂ ಸುರಿಸುತ್ತಿದ್ದ ಬೆಳಗು. ಅತ್ತೆ ಕಾರು, ಕುಕ್ಕರು, ಮಿಕ್ಸಿ, ಗಂಡನ ಲ್ಯಾಪ್‌ಟಾಪ್, ಮೊಮ್ಮಗನ ಸೈಕಲ್ ಎಲ್ಲಕ್ಕೂ ಕುಂಕುಮವಿಟ್ಟರು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗ ಗೇಟಿನ ಕಾವಲುಗಾರ ನೋಡಿ ನಕ್ಕ. ಆಮೇಲೆ ಅತ್ತೆ ಕೈ ಒರೆಸಿಕೊಳ್ಳುತ್ತಾ, "ನಾನೂ ನಿನ್ ಜೊತೆ ಬರ್ತೀನಿ ಕಣೇ ಇವತ್ತು" ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅವರ ಕೈಚೀಲದಲ್ಲಿ ಏನಿದೆ ಎಂದು ಕೇಳಲೇ ಇಲ್ಲ.

ಕ್ಲಬ್ಬಿನಲ್ಲಿ ರೈಫಲ್ಲುಗಳನ್ನು ತಪಾಸಣೆಗೆ ಒಳಗೆ ತೆಗೆದುಕೊಂಡಿದ್ದರು. ನಾನು ಹಿಂದಿನ ನೆರಳಿನ ಮೇಜಿನ ಮೇಲೆ ಮರದ ಹಲಗೆಯಿಟ್ಟು, ಅದರ ಕುಳಿಗಳಲ್ಲಿ ಗುಂಡುಗಳನ್ನು ಒಂದೊಂದಾಗಿ ನಿಲ್ಲಿಸಿದೆ. ನಳಿಕೆಯಲ್ಲಿ ಸರಾಗವಾಗಿ ಜಾರಲೆಂದು ಸೀಸದ ತುದಿಗೆ ಗುಂಡಿನ ಕಾರ್ಖಾನೆಯವರು ತೆಳ್ಳಗೆ ಮೇಣ ಸವರಿರುತ್ತಾರೆ, ಅದು ಅಳಿಸದಿರಲಿ ಎಂದು ತುದಿ ಮೇಲೆ ಮಾಡಿ. ಅತ್ತೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಸ್ಪರ್ಧೆ ನಡೆಸುವ ಕ್ಲಬ್ಬಿನ ಅಧಿಕಾರಿಣಿಯ ಕಣ್ಣೆದುರಿಗೇ ಇದ್ದಾರಲ್ಲ ಎಂದು ಸ್ಪರ್ಧಿಗಳ ಪಟ್ಟಿಗೆ ಸಹಿ ಹಾಕಲು ಹೋದೆ. ಅಧಿಕಾರಿಣಿಯನ್ನು ಅಷ್ಟರಲ್ಲಿ ಯಾರೋ ಕರೆದಿದ್ದರು.

ಬಂದು ನೋಡುತ್ತೇನೆ, ಪ್ರತಿ ಗುಂಡಿನ ತುದಿಯಲ್ಲೂ ಒದ್ದೆ ಕುಂಕುಮದ ಬೊಟ್ಟು. ಸಾಲಾಗಿ ನಿಂತ ಮುತ್ತೈದೆಯರ ಹಾಗೆ. ಮೇಲೆ ನಾಲ್ಕು ಕಾಳು ಅಕ್ಷತೆ. ಅತ್ತೆ ಕಣ್ಣು ಮುಚ್ಚಿ, ಕೈಮುಗಿದು, ತುಟಿ ಅಲುಗಿಸುತ್ತಿದ್ದರು.

"ಅತ್ತೆ! ಏನ್ ಮಾಡ್ಬಿಟ್ರಿ!"

ನನ್ನ ಕೂಗಿಗೆ ಅಧಿಕಾರಿಣಿ ಓಡಿ ಬಂದರು. ಇಲ್ಲಿನ ಕಿಕುಯು ಜನಾಂಗದ ಹೆಂಗಸು, ನಿಯಮದ ವಿಷಯದಲ್ಲಿ ಕಲ್ಲು. ಒಂದು ಗುಂಡು ಎತ್ತಿ ಉಗುರಿನಿಂದ ಕೆರೆದು ನೋಡಿದರು. ಕುಂಕುಮ ಮೇಣಕ್ಕೆ ಕಚ್ಚಿಕೊಂಡಿತ್ತು. ಒರೆಸಿದರೆ ಮೇಣವೂ ಹೋಗುತ್ತದೆ, ಒರೆಸದಿದ್ದರೆ ಆ ಪುಡಿ ನಳಿಕೆಯನ್ನು ಕೆರೆಯುತ್ತದೆ. "ಪೋಲೆ ಸಾನಾ" ಎಂದರು, ಅಂದರೆ ತುಂಬಾ ಬೇಸರದ ವಿಷಯ. ಇವನ್ನು ಹೊಡೆಯಲು ಬಿಡುವುದಿಲ್ಲ ಎಂದೂ ಹೇಳಿದರು.

ನನ್ನ ಬಾಯಿಗೆ ಬಂದದ್ದೆಲ್ಲ ಬಂದೇಬಿಟ್ಟಿತು. ವರ್ಷವಿಡೀ ಮಾಡಿದ್ದು ನೀರಲ್ಲಿ ಹೋಮವಾಯಿತು, ಬರಬೇಡಿ ಎಂದಾದರೂ ಹೇಳಬೇಕಿತ್ತು ನಾನು ಎಂದೆ. ಅತ್ತೆಯ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು. ಅವರು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ.

"ಆಯುಧ ಅಂದ್ರೆ ಇದೇ ಅಲ್ವೇನೇ? ನಿಂಗೆ ಗೆಲುವಾಗ್ಲಿ ಅಂತ ಇಟ್ಟೆ. ಮೇಣ ಗೀಣ ನಂಗೇನ್ ಗೊತ್ತು?" ಎಂದರು. ಆಮೇಲೆ ಬಟ್ಟಲನ್ನು ಕೈಚೀಲಕ್ಕೆ ಹಾಕುತ್ತಾ, "ಹೋಗ್ಲಿ, ಪೂಜೆ ಆದ ಆಯುಧಕ್ಕೆ ಇವತ್ತು ರಜ. ನಮ್ಮಪ್ಪ ಗರಗಸಕ್ಕೆ ಪೂಜೆ ಮಾಡಿದ್ರೆ ಅವತ್ತು ಮುಟ್ತಿರ್ಲಿಲ್ಲ. ಬೇರೆ ತಗೊಂಡ್ ಹೊಡಿ" ಎಂದರು.

ಅಷ್ಟು ಕೋಪದಲ್ಲೂ ನನಗೆ ನಗು ಬಂತು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಗಲಾಟೆ ಕೇಳಿ ಬಂದಿದ್ದ ಆ ಬಿಳಿಯ ಹಿರಿಯರು ಗಂಭೀರವಾಗಿ ಟೋಪಿ ತೆಗೆದು ಅತ್ತೆಗೆ ತಲೆಬಾಗಿದರು. ಅಧಿಕಾರಿಣಿ ಬೀರು ತೆರೆದು, "ಎರಡು ಬ್ಯಾಚ್ ಇವೆ. ಬೇಗ ಆರಿಸಿ" ಎಂದರು.

ಎರಡನ್ನೂ ನಾನು ಹಿಂದೆ ಹೊಡೆದು ನೋಡಿ ಬಿಟ್ಟಿದ್ದೆ. ಒಂದು, ಸರಿಯಾಗಿದ್ದಾಗ ಬಲು ಸೊಗಸು, ಆದರೆ ನಡುನಡುವೆ ಒಂದು ಗುಂಡು ಎಲ್ಲಿಗೋ ಹಾರುತ್ತದೆ. ಇನ್ನೊಂದು ಸಾಧಾರಣ. ತೂತುಗಳು ಕೊಂಚ ಹರಡಿಕೊಳ್ಳುತ್ತವೆ, ಆದರೆ ಪ್ರತಿ ಸಲವೂ ಅಷ್ಟೇ ಹರಡಿಕೊಳ್ಳುತ್ತವೆ, ಅಷ್ಟೇ ಎಡಕ್ಕೆ. ನನ್ನ ಸ್ವಭಾವಕ್ಕೆ ಮೊದಲನೆಯದೇ ಸೈ. ಕೈ ಅದರ ಕಡೆಗೇ ಹೋಯಿತು. ಗಂಡ ಮಾತ್ರೆಗಳ ಬಗ್ಗೆ ದಿನಾ ಕೊರೆಯುವುದು ಆಗ ತಲೆಗೆ ಹೊಳೆಯಿತು. ಚೆನ್ನಾಗಿರುವುದಕ್ಕಿಂತ ಒಂದೇ ಥರ ಇರುವುದು ಮುಖ್ಯ, ಒಂದೇ ಥರದ ದೋಷವಾದರೆ ತಿದ್ದಬಹುದು ಎನ್ನುತ್ತಾರೆ ಅವರು. ಸಾಧಾರಣದ್ದನ್ನೇ ಎತ್ತಿಕೊಂಡೆ.

ಲೆಕ್ಕಕ್ಕಿಲ್ಲದ ಪರೀಕ್ಷೆಯ ಹೊಡೆತಗಳಲ್ಲಿ ಎಡಕ್ಕೆ ಬೀಳುವುದನ್ನು ನೋಡಿ ರೈಫಲ್ಲಿನ ಗುರಿ ಹೊಂದಿಸುವ ತಿರುಪು ತಿರುಗಿಸಿ ತಿದ್ದಿದೆ. ಆಮೇಲೆ ಲೆಕ್ಕದ ಹೊಡೆತಗಳು ಶುರುವಾದವು. ಅವತ್ತು ಕೈ ವಿಚಿತ್ರವಾಗಿ ಹಗುರಾಗಿತ್ತು. ಆ ಅಪರೂಪದ ಡಬ್ಬಿಯಿದ್ದಿದ್ದರೆ ಪ್ರತಿ ಹೊಡೆತಕ್ಕೂ ಇದು ಹಾಳಾದರೆ ಗತಿಯೇನು ಎಂದು ಹೆದರುತ್ತಿದ್ದೆನೇನೋ. ಈಗ ಹೆದರಲು ಏನೂ ಉಳಿದಿರಲಿಲ್ಲ. ನಟ್ಟನಡುವಿನ ಹತ್ತು ಅಂಕದ ವೃತ್ತಕ್ಕೆ ಕೆಲವು, ಒಂಬತ್ತಕ್ಕೆ ಹಲವು. ಎಂಟರಿಂದ ಕೆಳಗೆ ಒಂದೂ ಇಳಿಯಲಿಲ್ಲ.

ಹಿಂದೆ ಗಾಜಿನ ಆಚೆ ಅತ್ತೆ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು, ಸೆರಗು ಹೊದ್ದು ನೆಟ್ಟಗೆ ಕೂತಿದ್ದರು. ಹೊಡೆದು ಮುಗಿಸಿ ನಾನು ಅವರ ಪಕ್ಕ ಹೋಗಿ ನಿಲ್ಲುವಷ್ಟರಲ್ಲಿ ಫಲಿತಾಂಶ ಬೋರ್ಡಿಗೆ ಬಂತು. ಮೂರನೆಯ ಹೆಸರು ಹಿರಿಯರದು. ನಾಲ್ಕನೆಯದು ನನ್ನದು. ಐದನೆಯವರಿಗೂ ನನಗೂ ಒಂದೇ ಅಂಕದ ಅಂತರ. ನಾನು ಅಲ್ಲೇ ಎಲ್ಲರೆದುರಿಗೂ ಅತ್ತೆಯನ್ನು ತಬ್ಬಿಕೊಂಡೆ. ತಪ್ಪಾಯಿತು, ಹಾಗೆ ಕೂಗಬಾರದಿತ್ತು ಎಂದೆ. "ಕೂಗ್ದೇ ಇದ್ರೆ ನೀನೇ ಅಲ್ಲ ಬಿಡು" ಎಂದರು. ಅಧಿಕಾರಿಣಿಗೆ "ಅಸಾಂಟೆ, ಅಸಾಂಟೆ" ಎಂದು ಎರಡೆರಡು ಸಲ ಹೇಳಿದರು, ಬಂದ ದಿನದಿಂದ ಅವರು ಕಲಿತ ಒಂದೇ ಸ್ವಾಹಿಲಿ ಮಾತು ಅದು, ಅಂದರೆ ಧನ್ಯವಾದ.

ಕಾರಿನಲ್ಲಿ ಕೂತ ಮೇಲೆ ನನ್ನ ಸಂತೋಷ ಇಳಿಯತೊಡಗಿತು. ಮೊಂಬಾಸಾ ಮುಂದಿನ ತಿಂಗಳು, ಮೂರು ದಿನ. ಗಂಡನಿಗೆ ಅದೇ ವಾರ ಕಾರ್ಖಾನೆಯಲ್ಲಿ ತಪಾಸಣೆ, ಮನೆಗೆ ಬರುವುದೇ ಕಷ್ಟ. ಅಷ್ಟರಲ್ಲಿ ಅತ್ತೆಯೂ ಮೈಸೂರಿಗೆ ಹಿಂತಿರುಗಿರುತ್ತಾರೆ. ಎಂಟು ವರ್ಷದ ಮಗನನ್ನು ಯಾರ ಬಳಿ ಬಿಡಲಿ? ಜಾಗ ಗಿಟ್ಟಿಸಿಕೊಳ್ಳುವ ಭರದಲ್ಲಿ ಇದನ್ನು ಯೋಚಿಸಿಯೇ ಇರಲಿಲ್ಲ. ಬಹುಶಃ ಐದನೆಯವರಿಗೇ ಬಿಟ್ಟುಕೊಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದೆ.

ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

"ನಾನು ಟೆನ್ನಿಕಾಯ್ಟ್ ಆಡ್ತಿದ್ದೆ ಕಣೇ" ಎಂದರು. "ಆ ರಬ್ಬರ್ ರಿಂಗು. ಮದ್ವೆ ಆದ್ಮೇಲೂ ಆಡ್ತಿದ್ದೆ. ಒಂದ್ಸಲ ಜಿಲ್ಲೆ ಟೀಮಿಗೆ ಸೆಲೆಕ್ಟ್ ಆಯ್ತು, ಬೆಳಗಾವೀಗೆ ಹೋಗ್ಬೇಕಿತ್ತು. ನಿನ್ ಗಂಡ ಆಗ ಇನ್ನೂ ಅಂಬೆಗಾಲು. ಕೂಸನ್ನ ಯಾರು ನೋಡ್ಕೋತಾರೆ ಅಂದ್ರು ನಮ್ಮತ್ತೆ. ಅಷ್ಟೇ, ಮುಗೀತು. ಆಮೇಲೆ ರಿಂಗ್ ಮುಟ್ಲಿಲ್ಲ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವರ ಮಗನಿಗೇ ಗೊತ್ತಿಲ್ಲ ಎಂದು ಆಮೇಲೆ ತಿಳಿಯಿತು. ಕಣ್ಣಲ್ಲಿ ನೀರು ತುಂಬಿ ಮುಂದಿನ ರಸ್ತೆ ಮಸುಕಾಯಿತು. ಕಾರು ಪಕ್ಕಕ್ಕೆ ನಿಲ್ಲಿಸಿದೆ.

"ಅಳೋದ್ ಬಿಟ್ಟು ಫೋನ್ ತೆಗಿ" ಎಂದರು ಅತ್ತೆ. "ನನ್ ವಾಪಸ್ ಟಿಕೆಟ್ ಒಂದ್ ತಿಂಗ್ಳು ಮುಂದಕ್ಕೆ ಹಾಕ್ಸು. ಮಗೂನ ನಾನ್ ನೋಡ್ಕೋತೀನಿ. ನೀನು ಹೋಗ್ ಬಾ."