ಅಕ್ಕನ ಚೀಟಿಯಲ್ಲಿ ನಾನು ಬರೆದ ಕಾರಣ

ಅಕ್ಕನ ಕುತ್ತಿಗೆಯ ಬಾಸುಂಡೆ ಕಂಡೂ ನಾನು ನಿಜ ಬರೆಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ಗೋಕಾಕದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದೆ. ಓದಿದ್ದು ಏಳನೆಯ ಇಯತ್ತೆ. ಅಕ್ಷರ ದುಂಡಗಿದ್ದವೆಂದು ಆ ಕುರ್ಚಿ ಸಿಕ್ಕಿತ್ತು. ರೋಗಿಯ ಹೆಸರು, ಊರು, ಪೆಟ್ಟಿನ ಕಾರಣ ಬರೆಯಬೇಕು. ಹೊಡೆತ ಎಂದು ಬರೆದರೆ ಅದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣ. ಆ ರಗಳೆ ಬೇಡವೆಂದು ನಮ್ಮಲ್ಲೊಂದು ರೂಢಿ ಬೆಳೆದಿತ್ತು: ಕಾರಣವನ್ನು ಹೆಂಗಸನ್ನಲ್ಲ, ಕರೆತಂದವನನ್ನು ಕೇಳುವುದು. ಹೊಡೆತ ತಿಂದು ಬಂದ ಅಂಥ ಹೆಂಗಸರಿಗೆ ನಾವಿಟ್ಟ ಹೆಸರು ‘ಬಚ್ಚಲ ಕೇಸು’.

“ನಮ್ಮ ಕಡೆ ಬಚ್ಚಲಾ ಭಾಳ ಜಾರ್ತಾವ್ ನೋಡೋ ತಮ್ಮಾ,” ಎಂದು ಕಾಂಪೌಂಡರ್ ಕಾಕಾ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ಮಧ್ಯಾಹ್ನ, ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಕೊಟ್ಟಿದ್ದ ನನ್ನಕ್ಕ ನೀಲವ್ವನನ್ನು ಅವಳ ಗಂಡ ಕರೆತಂದ. ಮುಂಗೈ ಬಾತಿತ್ತು. ಕುತ್ತಿಗೆಯ ಹಿಂದೆ ಬಾರಕೋಲಿನ ಗೆರೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ರೂಢಿಯಂತೆ ಅವನ ಕಡೆ ತಿರುಗಿದೆ.

“ಏನಾತ್ರಿ ಮಾಮಾ?”

“ಏನಾಗೂದು, ಬಚ್ಚಲದಾಗ ಜಾರಿ ಬಿದ್ಲು. ಬರಕೋ.”

ಬರೆದುಕೊಂಡೆ. ಡಾಕ್ಟರೂ ಹೆಚ್ಚು ಕೇಳದೆ ಪ್ಲಾಸ್ಟರ್ ಹಾಕಿದರು.

ಎರಡು ವರ್ಷದ ಬಳಿಕ ಅಕ್ಕ ಮಗಳೊಂದಿಗೆ ಅಂಕಲಗಿಯ ನಮ್ಮ ಮನೆಗೆ ಬಂದುಬಿಟ್ಟಳು. ಗಂಡ ಮಗಳನ್ನು ಎಳೆದೊಯ್ಯಲು ಎರಡು ಸಲ ಬಂದ. ಹತ್ತಿರ ಸುಳಿಯದಂತೆ ಕೋರ್ಟಿನ ಆದೇಶ ಬೇಕಿತ್ತು. ಅರ್ಜಿಯಲ್ಲಿ ಅಕ್ಕ ‘ಬಾಧಿತ ವ್ಯಕ್ತಿ’, ಓಣಿಯಲ್ಲಿ ‘ಗಂಡನ ಬಿಟ್ಟಾಕಿ’, ಆಪ್ತಸಮಾಲೋಚನೆಯ ಮೇಡಂ ಬಾಯಲ್ಲಿ ‘ಸಂತ್ರಸ್ತೆ’.

“ಈಗ ಬದುಕುಳಿದಾಕಿ ಅನಬೇಕಂತಾರವ್ವಾ,” ಎಂದರು ಮೇಡಂ.

“ಏನರ ಅನ್ರಿ ಬಾಯಾರ, ಜಾರಿ ಬಿದ್ದಾಕಿ ಅಂತ ಮಾತ್ರ ಅನಬ್ಯಾಡ್ರಿ,” ಎಂದಳು ಅಕ್ಕ.

ಎದುರು ವಕೀಲರು ಹಾಜರುಪಡಿಸಿದ್ದ ಆಸ್ಪತ್ರೆಯ ಚೀಟಿಯಲ್ಲಿ ಅದೇ ಇತ್ತು. ಬರೆದವರಾರು ಎಂದು ಮೇಡಂ ಕೇಳಿದಾಗ ಅಕ್ಕ ನೆಲ ನೋಡಿದಳು. ತಮ್ಮನ ಕೆಲಸ ಹೋದೀತೆಂಬ ಚಿಂತೆ ಅವಳಿಗೆ.

“ನಾನ್ರಿ,” ಎಂದೆ, ಜೊತೆಗೆ ಹೋಗಿದ್ದ ನಾನು. ಅಕ್ಕನನ್ನು ಕೇಳದೆ ಗಂಡ ಹೇಳಿದ್ದನ್ನೇ ಬರೆದೆನೆಂದು ಕೋರ್ಟಿನಲ್ಲೂ ಹೇಳಿದೆ. ಕೆಲಸ ಹೋಯಿತು, ಆದೇಶ ಬಂತು.

ಈಗ ಹುಕ್ಕೇರಿಯ ಒಂದು ದವಾಖಾನೆಯಲ್ಲಿ ಅದೇ ಕೆಲಸದಲ್ಲಿದ್ದೇನೆ. ಪೆಟ್ಟಾದ ಹೆಂಗಸು ಬಂದರೆ ಜೊತೆಯವನನ್ನು ಹೊರಗೆ ಕೂರಿಸಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ಅವಳನ್ನು ಏನೆಂದು ಕರೆಯಬೇಕೆನ್ನುವುದು ಆಮೇಲಿನ ಮಾತು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಅಕ್ಕನಿಗೆ ಮಾತ್ರ ನೇರವಾಗಿ ಏನೂ ಹೇಳಿರಲಿಲ್ಲ. ಹೋದ ಪಂಚಮಿಗೆ ಅವಳು ಉಂಡಿ ಕಟ್ಟುತ್ತಿದ್ದಳು. ಆ ಮುಂಗೈ ಇನ್ನೂ ಪೂರ್ತಿ ಬಾಗುವುದಿಲ್ಲ, ಉಂಡಿ ಒಡೆದೊಡೆದು ಬೀಳುತ್ತಿತ್ತು. ಪಕ್ಕದಲ್ಲಿ ಕುಳಿತೆ.

“ಅಕ್ಕಾ, ನಂದು ತಪ್ಪಾತು. ನಿನ್ನ ಕೇಳಬೇಕಾಗಿತ್ತು, ಕೇಳಲಿಲ್ಲ.”